ದೋಣಿ ಹಾಡಿಗೊಂದು ರೆಕಿಂತೊ: ಏಳು ವಾರಗಳ ರಿಪೇರಿ ದಿನಚರಿ

ರೆಕಿಂತೊ ಕೊನೆಗೂ ಶ್ರುತಿಯಲ್ಲಿ ನಿಂತಿತು. 2025ರ ಜನವರಿ 12ಕ್ಕೆ ಶುರು ಮಾಡಿದ ಕೆಲಸ, ಮಾರ್ಚ್ 2ಕ್ಕೆ ಮುಗಿಯಿತು. ನಡುವೆ ಮೂರು ದೊಡ್ಡ ತಪ್ಪು ಮಾಡಿದೆ. ಹಳೆ ಗಿಟಾರ್ ರಿಪೇರಿಗೆ ಕೈ ಹಾಕುವ ಬೇರೆಯವರಿಗೆ ನನ್ನ ತಪ್ಪುಗಳೇ ಜಾಸ್ತಿ ಉಪಯೋಗಕ್ಕೆ ಬರಬಹುದು ಅಂತ ತಾರೀಖಿನ ಪ್ರಕಾರ ಬರೆದಿಡುತ್ತಿದ್ದೇನೆ.

ರೆಕಿಂತೊ ಅಂದರೆ ಚಿಕ್ಕ ಗಿಟಾರ್. ಮಾಮೂಲಿ ಗಿಟಾರ್‌ಗಿಂತ ‘ಸ’ದಿಂದ ‘ಮ’ದಷ್ಟು ಮೇಲಿನ ಶ್ರುತಿ. ಕೆಳಶ್ರುತಿಯ ತಂತಿಯಿಂದ ಶುರುಮಾಡಿ, ಇಲ್ಲಿಯ ಸ್ವರದ ಹೆಸರುಗಳಲ್ಲಿ, ಲಾ, ರೆ, ಸೋಲ್, ದೊ, ಮಿ, ಲಾ. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಲೋಸ್ ಪಾಂಚೋಸ್ ಅನ್ನೋ ಮೂವರ ತಂಡದ ಆಲ್ಫ್ರೆದೊ ಹಿಲ್ ಇದನ್ನು ಬೊಲೆರೊ ಅನ್ನೋ ನಿಧಾನದ ಪ್ರೇಮಗೀತೆಗಳಿಗೆ ತಂದವರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಮೂವರು ಒಟ್ಟಿಗೆ ಹಾಡುತ್ತಾರೆ, ಎರಡು ಗಿಟಾರ್ ತಾಳ ಹಿಡಿಯುತ್ತವೆ, ಸಾಲು ಸಾಲಿನ ನಡುವೆ ರೆಕಿಂತೊ ಮಾತಾಡುತ್ತದೆ. ನಮ್ಮ ಭಾವಗೀತೆಗಳಲ್ಲಿ ಪಲ್ಲವಿ ಮುಗಿದ ಕೂಡಲೇ ಕೊಳಲು ಬರುತ್ತದಲ್ಲ, ಹಾಗೆ.

ನಾನಿರುವುದು ಮೆಕ್ಸಿಕೋದ ಗ್ವಾದಲಹಾರದಲ್ಲಿ, ಸಾಂತಾ ತೆರೆ ಬಡಾವಣೆಯ ಒಂದು ಮಹಡಿ ಕೋಣೆಯಲ್ಲಿ. ಸಾಫ್ಟ್‌ವೇರ್ ಕೆಲಸ, ಎರಡು ವರ್ಷದ ಒಪ್ಪಂದ. ನನ್ನ ಗಂಡ ಊರಲ್ಲಿದ್ದಾನೆ. ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಹತ್ತಿರ. ತೋಟ ಇದೆ, ಅತ್ತೆ ಇದ್ದಾರೆ, ಬಿಟ್ಟು ಬರುವ ಹಾಗಿರಲಿಲ್ಲ.

ಈ ಕೆಲಸಕ್ಕೆ ಕಾರಣ ಒಂದೇ ಹಾಡು. ‘ಲಾ ಬಾರ್ಕಾ’, ಅಂದರೆ ದೋಣಿ. ಬರೆದವರು ರೊಬೆರ್ತೊ ಕಾಂತೊರಾಲ್. 1957ರಲ್ಲಿ ಲೋಸ್ ತ್ರೆಸ್ ಕಬಯೆರೋಸ್ ತಂಡ ಹಾಡಿತು. ಕಾಂತೊರಾಲ್ ಕೂಡ ಆ ಮೂವರಲ್ಲಿ ಒಬ್ಬರು. ರೆಕಿಂತೊ ನುಡಿಸಿದ್ದು ಚಾಮೀನ್ ಕೊರ್ರೆಯಾ. ನಾನು ಮೊದಲು ಕೇಳಿದ್ದು ಟ್ಯಾಕ್ಸಿಯಲ್ಲಿ, ಲೂಯಿಸ್ ಮಿಗೆಲ್ 1991ರಲ್ಲಿ ಹಾಡಿದ್ದನ್ನು. ಆಮೇಲೆ ಹುಡುಕಿ ಹಳೆಯದನ್ನು ಕೇಳಿದೆ. ದೂರವಾದರೆ ಮರೆತುಹೋಗುತ್ತದೆ ಅಂತ ಜನ ಹೇಳುತ್ತಾರೆ, ನನಗದು ಒಪ್ಪಿಗೆಯಿಲ್ಲ ಅನ್ನುವಲ್ಲಿಂದ ಹಾಡು ಶುರು. ಹೋಗುವವಳು ದೋಣಿ, ಉಳಿದವನು ದಡ. ತಿರುಗಿ ತಿರುಗಿ ಸಾಕಾಗಿ, ಹೊತ್ತು ಮುಳುಗುವಾಗ ನನ್ನ ನೆನಪು ಮಾಡಿಕೋ, ನಾನು ಇಲ್ಲೇ ಕಾಯುತ್ತಿರುತ್ತೇನೆ ಅನ್ನುತ್ತದೆ ದಡ.

ತುಮರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಂಗನಮಕ್ಕಿ ನೀರು ನಿಂತ ಮೇಲೆ ನಮಗೆ ಸಾಗರಕ್ಕೆ ಹೋಗಲು ಲಾಂಚೇ ಹತ್ತಿರದ ದಾರಿಯಾಗಿತ್ತು. ಬಸ್ಸು, ಜೀಪು, ಜನ ಎಲ್ಲ ಅದರ ಮೇಲೇ. ಹೊಸ ಸೇತುವೆಯ ಕೆಲಸ ಆಗಿನ್ನೂ ನಡೆಯುತ್ತಿತ್ತು, ಅದು ತೆರೆದದ್ದು 2025ರ ಜುಲೈನಲ್ಲಿ. ನಾನು ಹೊರಟ ದಿನ ಅತ್ತೆಗೆ ಹುಷಾರಿರಲಿಲ್ಲ. ಅವನು ಕಳಸವಳ್ಳಿ ದಡದವರೆಗಷ್ಟೇ ಬಂದ. ಲಾಂಚ್ ಬಿಟ್ಟಿತು. ಅವನು ಕೈ ಬೀಸಲಿಲ್ಲ, ಸುಮ್ನೆ ನಿಂತಿದ್ದ. ಚಿಕ್ಕದಾಗುತ್ತಾ ಹೋದ. ಈ ಹಾಡು ಕೇಳಿದಾಗೆಲ್ಲ ನನಗೆ ಅದೇ ಕಾಣುತ್ತದೆ. ಇದು ದಡದಲ್ಲಿ ನಿಂತವನ ಹಾಡು. ದೋಣಿಯಲ್ಲಿದ್ದವಳು ನಾನು.

ಆ ಹಾಡಿನ ಶುರುವಿನ ರೆಕಿಂತೊ ತುಣುಕನ್ನು ಕಲಿತು ಅವನಿಗೆ ಕಳಿಸಬೇಕು ಅನ್ನಿಸಿತು. ಕಾಲೇಜಿನಲ್ಲಿ ಮೂರು ವರ್ಷ ಗಿಟಾರ್ ನುಡಿಸಿದ್ದೆ, ಅಷ್ಟೇ ಬಂಡವಾಳ.

ಜನವರಿ 12, ಭಾನುವಾರ. ಕೊಂಡದ್ದು

ಎಲ್ ಬರಾತೀಯೊ ಅನ್ನೋ ಭಾನುವಾರದ ಸಂತೆ. ಬೀದಿಗಟ್ಟಲೆ ಹರಡಿಕೊಂಡ ಹಳೆ ಸಾಮಾನು. ಒಂದು ಟಾರ್ಪಾಲಿನ ಮೇಲೆ ಹೊಲಿಗೆ ಮಷೀನ್, ಗಡಿಯಾರಗಳ ನಡುವೆ ಇದು ಮಲಗಿತ್ತು. ಮಾರುವವರು ಎಲ್ಲ ದೋಷಗಳನ್ನೂ ಮೊದಲೇ ತೋರಿಸಿದರು. 1,200 ಕೇಳಿದರು, 900 ಪೆಸೊಗೆ ಕೊಟ್ಟರು. ಒಳಗಿನ ಚೀಟಿ ಅರ್ಧ ಹರಿದಿದೆ, ‘ಪರಾಚೊ, ಮಿಚ್’ ಅಂತಷ್ಟೇ ಓದಬಹುದು. ಪರಾಚೊ ಅಂದರೆ ಮಿಚೊಆಕಾನ್ ರಾಜ್ಯದ ಗಿಟಾರ್ ಮಾಡುವ ಊರು.

ಮನೆಗೆ ತಂದು ಅಳೆದದ್ದು:

ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ ನಟ್, ಕೆಳತುದಿಯಲ್ಲಿ ಕೂರುವ ಪಟ್ಟಿ ಸ್ಯಾಡಲ್. ನಟ್‌ನಿಂದ ಸ್ಯಾಡಲ್‌ವರೆಗೆ 540 ಮಿ.ಮೀ. ನಟ್‌ನಿಂದ 12ನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಸರಿಯಾಗಿ 270. ಅಂದರೆ ಫ್ರೆಟ್‌ಗಳ ಜಾಗ ಸರಿಯಾಗಿದೆ, ಅದು ದೊಡ್ಡ ನೆಮ್ಮದಿ. 12ನೇ ಫ್ರೆಟ್ ಮೇಲೆ ಆರನೇ ತಂತಿಯ ಎತ್ತರ 5 ಮಿ.ಮೀ., ಬೆರಳು ನೋಯುವಷ್ಟು. ಮೇಲ್ಹಲಗೆಗೆ ಅಂಟಿಸಿದ, ತಂತಿ ಕಟ್ಟುವ ಮರದ ತುಂಡು ಬ್ರಿಡ್ಜ್; ಅದರ ಹಿಂದಿನ ಅಂಚು ಎದ್ದಿದೆ, ಒಂದು ಪೋಸ್ಟ್‌ಕಾರ್ಡ್ 8 ಮಿ.ಮೀ. ಒಳಗೆ ಹೋಗುತ್ತದೆ. ಬ್ರಿಡ್ಜ್‌ನಿಂದ ಕೆಳಗೆ ಮೇಲ್ಹಲಗೆಯಲ್ಲಿ 11 ಸೆಂ.ಮೀ. ಉದ್ದದ ಬಿರುಕು. ಹಲಗೆ ಸೀಡರ್ ಮರದ್ದು. ಎಡಗಡೆಯ ಬಿರಡೆಗಳಲ್ಲಿ ಒಂದರ ಹಲ್ಲು ಮುರಿದಿದೆ.

ಬೆರಳ ಗಂಟಿನಿಂದ ಹಲಗೆ ತಟ್ಟಿದೆ. ಬಿರುಕಿನ ಹತ್ತಿರ ಟಕ್ ಅನ್ನದೆ ಬರ್ರ್ ಅಂದಿತು. ಒಳಗೊಂದು ಪಟ್ಟಿ ಸಡಿಲ.

ಜನವರಿ 13ರಿಂದ 18. ನೀರು ಕುಡಿಸಿದ್ದು

ಗ್ವಾದಲಹಾರದಲ್ಲಿ ಮಳೆ ಜೂನ್‌ನಿಂದ ಅಕ್ಟೋಬರ್. ಜನವರಿ ಅಂದರೆ ಒಣಗಾಲ. 130 ಪೆಸೊ ಕೊಟ್ಟು ತೇವಾಂಶದ ಮೀಟರ್ ತಂದೆ, ಕೋಣೆಯಲ್ಲಿ ಶೇ 31 ತೋರಿಸಿತು. ಇಷ್ಟು ಒಣಗಿದ ಹಲಗೆಯ ಬಿರುಕಿಗೆ ಹಾಗೇ ಅಂಟು ತುಂಬಿದರೆ, ಮಳೆಗಾಲದಲ್ಲಿ ಮರ ಉಬ್ಬಿದಾಗ ಹಲಗೆಗೆ ಮತ್ತೆ ಪೆಟ್ಟಾಗಬಹುದು.

ಸೋಪಿನ ಡಬ್ಬಕ್ಕೆ ಹನ್ನೆರಡು ತೂತು ಕೊರೆದೆ. ಒಳಗೆ ಹಿಂಡಿದ ಸ್ಪಂಜು. ಅದನ್ನು ಗಿಟಾರ್‌ನ ಹೊಟ್ಟೆಯಲ್ಲಿಟ್ಟು, ಇಡೀ ವಾದ್ಯವನ್ನು ಕಸದ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ದಿನಕ್ಕೊಮ್ಮೆ ಸ್ಪಂಜು ಒದ್ದೆ ಮಾಡುವುದು. ಐದನೇ ದಿನಕ್ಕೆ ಚೀಲದೊಳಗೆ ಶೇ 50 ಬಂತು. ಮೊದಲು ಬಿರುಕಿನೊಳಗೆ ಚೀಟಿ ಹೋಗುತ್ತಿತ್ತು, ಈಗ ಹೋಗಲಿಲ್ಲ. ಅರ್ಧ ರಿಪೇರಿ ಮರವೇ ಮಾಡಿಕೊಂಡಿತು.

ಜನವರಿ 18, ಶನಿವಾರ. ಬ್ರಿಡ್ಜ್ ತೆಗೆದದ್ದು. ಮೊದಲ ತಪ್ಪು

ಬೇಕಾದದ್ದು: ಇಸ್ತ್ರಿ ಪೆಟ್ಟಿಗೆ, ಅಡುಗೆಯ ತೆಳು ಚಪ್ಪಟೆ ಚಾಕು, ರಟ್ಟು, ಅಲ್ಯೂಮಿನಿಯಂ ಹಾಳೆ.

ರಟ್ಟಿನಲ್ಲಿ ಬ್ರಿಡ್ಜ್ ಆಕಾರಕ್ಕೆ ಕಿಟಕಿ ಕತ್ತರಿಸಿ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ಬಿಸಿ ಬ್ರಿಡ್ಜ್‌ಗೆ ಮಾತ್ರ ತಾಗಬೇಕು, ಸುತ್ತಲಿನ ಪಾಲಿಶ್‌ಗಲ್ಲ. ಇಸ್ತ್ರಿಯನ್ನು ಉಣ್ಣೆಯ ಬಿಸಿಗೆ ಇಟ್ಟು ನಾಲ್ಕು ನಿಮಿಷ ಒತ್ತಿ ಹಿಡಿದೆ. ಎದ್ದಿದ್ದ ಹಿಂದಿನ ಅಂಚಿನಿಂದ ಚಾಕು ತೂರಿಸಿದೆ. ಬೆಣ್ಣೆಯಂತೆ ಹೋಯಿತು. ಖುಷಿಯಾಗಿ ಅದೇ ಕಡೆಯಿಂದ ಕೊನೆಯವರೆಗೂ ನೂಕಿದೆ.

ಅಲ್ಲಿ ತಪ್ಪಿದೆ. ಸೀಡರ್‌ನ ಎಳೆ ಎಷ್ಟೋ ಸಲ ನೇರ ಇರುವುದಿಲ್ಲ, ಸ್ವಲ್ಪ ಓರೆಯಾಗಿ ಹಲಗೆಯೊಳಕ್ಕೆ ಇಳಿದಿರುತ್ತದೆ. ಒಂದು ಕಡೆಯಿಂದ ಹೋದರೆ ಚಾಕು ಎಳೆಯ ಮೇಲೆ ಜಾರುತ್ತದೆ, ಇನ್ನೊಂದು ಕಡೆಯಿಂದ ಎಳೆಯನ್ನೇ ಎಬ್ಬಿಸುತ್ತದೆ. ಬಲಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸೀಡರ್ ಚಕ್ಕೆ ಬ್ರಿಡ್ಜ್‌ಗೆ ಅಂಟಿಕೊಂಡೇ ಬಂದುಬಿಟ್ಟಿತು. ಚಾಕು ತಡೆದ ಕ್ಷಣ ನಿಲ್ಲಿಸಿ ಎದುರು ಬದಿಯಿಂದ ಬರಬೇಕಿತ್ತು. ಆ ತಡೆ ಕೈಗೆ ಗೊತ್ತಾಗಿತ್ತು. ಆದರೂ ನೂಕಿದೆ.

ಚಕ್ಕೆಯನ್ನು ಬ್ಲೇಡಿನಿಂದ ಬಿಡಿಸಿ ಕಾಗದದಲ್ಲಿ ಮಡಚಿಟ್ಟೆ. ಹಳೆಯ ರಿಪೇರಿಯಲ್ಲಿ ಯಾರೋ ಬಿಳಿ ಅಂಟು ಬಳಸಿದ್ದರು. ಅದನ್ನು ಕೆರೆದೆ. ಸಾಕಾಗುವಷ್ಟು ಕೆರೆದಿದ್ದೇನೆ ಅಂದುಕೊಂಡೆ. ಈ ವಾಕ್ಯ ಮತ್ತೆ ಬರುತ್ತದೆ.

ಜನವರಿ 25, 26. ಸರೇಸು. ಎರಡನೇ ತಪ್ಪು

ನಮ್ಮ ಕಡೆ ಬಡಗಿಗಳು ಸರೇಸು ಅಂತಾರಲ್ಲ, ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು, ಇಲ್ಲಿ ಅದಕ್ಕೆ ‘ಕೋಲಾ’ ಅನ್ನುತ್ತಾರೆ. ಮರಗೆಲಸದ ಅಂಗಡಿಯಲ್ಲಿ ಪುಡಿ ಸಿಕ್ಕಿತು, 140 ಪೆಸೊ. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ತಪ್ಪಾದರೆ ಬಿಸಿ, ನೀರು ಕೊಟ್ಟು ಮತ್ತೆ ಬಿಚ್ಚಬಹುದು. ನನಗಂತೂ ಆ ಅನುಕೂಲ ಬೇಕೇ ಬೇಕಿತ್ತು.

ಒಂದು ಭಾಗ ಪುಡಿಗೆ ಎರಡು ಭಾಗ ತಣ್ಣೀರು, ತೂಕದಲ್ಲಿ. ರಾತ್ರಿಯಿಡೀ ನೆನೆಸಿದರೆ ಸಾಬೂದಾನಿ ಪಾಯಸದ ಹಾಗೆ ಆಗುತ್ತದೆ. ಅದನ್ನು 60 ಡಿಗ್ರಿಯಲ್ಲಿ ಕರಗಿಸಬೇಕು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಮಗುವಿನ ಹಾಲಿನ ಬಾಟಲಿ ಬಿಸಿ ಮಾಡುವ ಸಾಧನ ತಂದೆ, 260 ಪೆಸೊ. ಅದರಲ್ಲಿ ಜಾಮಿನ ಪುಟ್ಟ ಬಾಟಲಿ ಇಟ್ಟರೆ ಸರಿಯಾಗಿ ಕೂರುತ್ತದೆ.

ಶನಿವಾರ ರಾತ್ರಿ ಕೆಲಸಕ್ಕೆ ಕೂತೆ. ಬಿರುಕಿಗೆ ಅಂಟು ಸವರಿ, ಕೆಳಗಿನಿಂದ ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ ಒಳಗೆ ಇಳಿಸಿದೆ. ಒತ್ತಿ ಹಿಡಿಯುವ ಕ್ಲಾಂಪ್ ಎತ್ತಿಕೊಳ್ಳುವಷ್ಟರಲ್ಲಿ ಅಂಟು ಜೆಲ್ಲಿಯಾಗಿತ್ತು. ಗ್ವಾದಲಹಾರ ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಮೇಲಿದೆ, ಜನವರಿ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ. ಅಂಟು ಬಿಸಿಯಾಗಿತ್ತು, ಮರ ತಣ್ಣಗಿತ್ತು. ಅದರ ಮೇಲೆ ಕ್ಲಾಂಪ್ ಹಾಕಿದೆ. ಬೆಳಿಗ್ಗೆ ತೆಗೆದು ಬಗ್ಗಿಸಿ ನೋಡಿದರೆ ಬಿರುಕು ಹಾಗೇ ಬಾಯಿ ಬಿಟ್ಟಿತು.

ಭಾನುವಾರ ಪೂರ್ತಿ ಬಿಸಿನೀರಿನ ಬಟ್ಟೆಯಿಂದ ಒರೆಸಿ ತೆಗೆಯುವುದರಲ್ಲಿ ಹೋಯಿತು.

ಅವತ್ತು ಫೋನಿನಲ್ಲಿ ಅವನಿಗೆ ಹೇಳಿದೆ. ಅಲ್ಲಿ ಕೊನೆಕೊಯ್ಲು ಮುಗಿಯುತ್ತಾ ಬಂದಿತ್ತು. ಅಂಗಳದಲ್ಲಿ ಅಡಿಕೆ ಒಣಗುತ್ತಿರುವುದನ್ನು ತೋರಿಸಿದ. ‘ಮರವನ್ನೂ ಬಿಸಿ ಮಾಡು, ಬೇಸಿಗೆಯಲ್ಲಿ ಬಡಗಿ ಚೆನ್ನಾಗಿ ಅಂಟಿಸ್ತಾನೆ’ ಅಂದ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಫೆಬ್ರವರಿ 1, ಶನಿವಾರ. ಬಿರುಕು ಮುಚ್ಚಿತು

ಈ ಸಲ ಮಧ್ಯಾಹ್ನ ಎರಡಕ್ಕೆ, ಬಿಸಿಲು ಬೀಳುವ ಕಿಟಕಿಯ ಪಕ್ಕ. ಅಂಟು ಇಲ್ಲದೆ ಮೂರು ಸಲ ಒಣ ಅಭ್ಯಾಸ ಮಾಡಿದೆ. ಯಾವ ಕ್ಲಾಂಪ್ ಮೊದಲು, ಯಾವುದು ಆಮೇಲೆ ಅಂತ ಎಲ್ಲ ಲೆಕ್ಕ. ಮೂರನೇ ಸಲ 25 ಸೆಕೆಂಡಿಗೆ ಮುಗಿಯಿತು. ಕೂದಲು ಒಣಗಿಸುವ ಡ್ರೈಯರ್‌ನಿಂದ ಹಲಗೆಯನ್ನು ಕೈಗೆ ಬೆಚ್ಚಗಾಗುವಷ್ಟು ಬಿಸಿ ಮಾಡಿ ಅಂಟು ಇಳಿಸಿದೆ. ಎಳೆ ಕಿತ್ತುಹೋಗಿದ್ದ ಕಡೆ, ಕಾಗದದಲ್ಲಿ ಮಡಚಿಟ್ಟಿದ್ದ ಸೀಡರ್ ಚಕ್ಕೆಯನ್ನೂ ಇದೇ ಹೊತ್ತಿಗೆ ಕೂರಿಸಿದೆ.

ಒಳಗಿನಿಂದ ಬಿರುಕಿಗೆ ಅಡ್ಡವಾಗಿ ಮೂರು ತೇಪೆ. ಸೀಡರ್ ತುಂಡು, 12 ಮಿ.ಮೀ. ಚೌಕ, 2 ಮಿ.ಮೀ. ದಪ್ಪ, ಎಳೆ ಅಡ್ಡಕ್ಕೆ ಬರುವಂತೆ. ರೆಕಿಂತೊದ ಬಾಯಿ ಚಿಕ್ಕದು, ನನ್ನ ಕೈ ಮಣಿಕಟ್ಟಿನವರೆಗೆ ಮಾತ್ರ ಹೋಗುತ್ತದೆ. ಅದಕ್ಕೇ ಆಯಸ್ಕಾಂತ ಬಳಸಿದೆ. ತೇಪೆಯ ಬೆನ್ನಿಗೊಂದು, ಹಲಗೆಯ ಹೊರಗೊಂದು. ಹೊರಗಿನದನ್ನು ಜರುಗಿಸಿದರೆ ಒಳಗಿನದು ತಾನೇ ಹಿಂದೆ ಬರುತ್ತದೆ. ಸರಿಯಾದ ಜಾಗಕ್ಕೆ ಬಂದಾಗ ಬಿಟ್ಟರೆ ಅದೇ ಒತ್ತಿ ಹಿಡಿಯುತ್ತದೆ. ಮಧ್ಯೆ ಬಟರ್ ಪೇಪರ್ ಇಡದಿದ್ದರೆ ಆಯಸ್ಕಾಂತವೂ ಅಂಟಿಕೊಳ್ಳುತ್ತದೆ. 120 ಪೆಸೊಗೆ ಹತ್ತು ಸಿಕ್ಕವು. ಇಡೀ ಕೆಲಸದಲ್ಲಿ ಇಷ್ಟು ಚೆನ್ನಾಗಿ ಆದದ್ದು ಇನ್ನೊಂದಿಲ್ಲ.

ಸಡಿಲವಾಗಿದ್ದ ಒಳಪಟ್ಟಿಗೂ ಬೆರಳಲ್ಲೇ ಅಂಟು ಸವರಿ, ಕೆಳಗಿನಿಂದ ಒಂದು ಕಡ್ಡಿ ಆನಿಸಿ ನಿಲ್ಲಿಸಿದೆ.

ಫೆಬ್ರವರಿ 2, ಭಾನುವಾರ. ಬ್ರಿಡ್ಜ್ ಕೂರಿಸಿದ್ದು

ಇವತ್ತು ಇಲ್ಲಿ ಕಂದೆಲಾರಿಯಾ ಹಬ್ಬ, ಎಲ್ಲರ ಮನೆಯಲ್ಲೂ ತಮಾಲೆ. ಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು, ನಮ್ಮ ಎಲೆ ಕಡುಬಿನ ಹಾಗೇ. ಮನೆಯ ಒಡತಿ ನಾಲ್ಕು ತಂದುಕೊಟ್ಟರು. ಎಪ್ಪತ್ತು ದಾಟಿದವರು. ಅವರನ್ನು ಎಲ್ಲರೂ ದೋನ್ಯಾ ಅನ್ನುತ್ತಾರೆ, ನಾನೂ ಹಾಗೇ.

ಮೇಜಿನ ಮೇಲೆ ರೆಕಿಂತೊ ಕಂಡು ಏನು ನುಡಿಸಬೇಕು ಅಂತಿದ್ದೀಯ ಅಂತ ಕೇಳಿದರು. ಹಾಡಿನ ಹೆಸರು ಹೇಳಿದೆ. ನಿಂತಲ್ಲೇ ಹಾಡಲು ಶುರು ಮಾಡಿದರು, ಪೂರ್ತಿ ಹಾಡಿದರು. ದನಿ ಒಡೆದಿತ್ತು, ಆದರೆ ಒಂದು ಮಾತೂ ಮರೆತಿರಲಿಲ್ಲ. ಅವರ ಮದುವೆಗೆ ಮುಂಚೆ ಕಿಟಕಿಯ ಕೆಳಗೆ ಮೂವರ ತಂಡ ಕರೆಸಿ ರಾತ್ರಿ ಹೊತ್ತು ಇದನ್ನು ಹಾಡಿಸಿದ್ದರಂತೆ. ಸೆರೆನಾತಾ ಅನ್ನುತ್ತಾರೆ ಇದಕ್ಕೆ. ಹಾಡಿಸಿದವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

‘ತೆ ಎಕ್ಸ್‌ತ್ರಾನ್ಯೊ’ ಅನ್ನುವ ಮಾತನ್ನು ಅವರು ಅವತ್ತು ಹೇಳಿದರು, ಗೋಡೆಯ ಫೋಟೋದ ಕಡೆ ನೋಡಿ. ನೀನಿಲ್ಲದ್ದು ನನ್ನನ್ನು ಕಾಡುತ್ತಿದೆ ಅನ್ನಲು ಮೆಕ್ಸಿಕೋದಲ್ಲಿ ಬಳಸುವ ಮಾತು. ಅದೇ ‘ಎಕ್ಸ್‌ತ್ರಾನ್ಯೊ’ ಪದಕ್ಕೆ ಅಪರಿಚಿತ, ವಿಚಿತ್ರ ಅನ್ನುವ ಅರ್ಥವೂ ಇದೆ. ಕನ್ನಡದಲ್ಲಿ ನಾವು ನಿನ್ನ ನೆನಪಾಗ್ತಿದೆ ಅನ್ನುತ್ತೇವೆ. ನೆನಪು ತಾನೇ ಆಗುವುದು, ಮಳೆ ಬಂದ ಹಾಗೆ. ಇಲ್ಲಿ ಅದು ನಾನು ಮಾಡುವ ಕೆಲಸ. ನನಗೆ ಎರಡೂ ಬೇಕು ಅನ್ನಿಸುತ್ತದೆ.

ಸಂಜೆ ಬ್ರಿಡ್ಜ್ ಅಂಟಿಸಿದೆ. ಮೂರು ಸಿ-ಕ್ಲಾಂಪ್, ಒಂದಕ್ಕೆ 95 ಪೆಸೊ. ಒಳಗಡೆ ಪಟ್ಟಿಗಳಿಗೆ ಪೆಟ್ಟಾಗದಂತೆ ಕಚ್ಚು ಕೆತ್ತಿದ ಮರದ ತುಂಡು. ನಡುವಿನ ಕ್ಲಾಂಪ್ ಮೊದಲು, ಆಮೇಲೆ ಎರಡು ರೆಕ್ಕೆ. 24 ಗಂಟೆ ಮುಟ್ಟಲಿಲ್ಲ.

ಫೆಬ್ರವರಿ 8, 9. ಮೂರನೇ ತಪ್ಪು, ದೊಡ್ಡದು

ಬೆಳಿಗ್ಗೆ ಬಿರಡೆಗಳ ಹೊಸ ಜೋಡಿ ಹಾಕಿದೆ, 180 ಪೆಸೊ. ಹಳೆ ತೂತಿಗೂ ಹೊಸ ಬಿರಡೆಗೂ ತಾಳೆಯಾಯಿತು.

ಸ್ಯಾಡಲ್‌ಗೆ ಮೂಳೆಯ ಪಟ್ಟಿ, 60 ಪೆಸೊ. 12ನೇ ಫ್ರೆಟ್‌ನಲ್ಲಿ ತಂತಿ 5ರಿಂದ 3.2 ಮಿ.ಮೀ.ಗೆ ಇಳಿಯಬೇಕು, ಅಂದರೆ 1.8 ಕಡಿಮೆ. ಸ್ಯಾಡಲ್‌ನಲ್ಲಿ ಅದರ ಎರಡರಷ್ಟು, 3.6 ಇಳಿಸಬೇಕು. ಬ್ರಿಡ್ಜ್ ಎದ್ದಿದ್ದರಿಂದಲೇ ಸ್ವಲ್ಪ ಎತ್ತರ ಬಂದಿತ್ತು ಅನ್ನುವುದನ್ನು ಮರೆತು, ಹಳೆ ಅಳತೆಗೇ ಪೂರ್ತಿ 3.6 ಉಜ್ಜಿದೆ. ತಂತಿಗಳು ಫ್ರೆಟ್‌ಗೆ ಬಡಿದು ಗುಂಯ್‌ಗುಟ್ಟಿದವು. ಇನ್ನೊಂದು ಪಟ್ಟಿ, ಇನ್ನೊಂದು 60. ಎರಡನೆಯದನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ತಂತಿ ಕಟ್ಟಿ ನೋಡಿ ಸರಿಮಾಡಿದೆ.

ಈಗ ಆ ತಂತಿಗಳ ವಿಷಯ. ಅಂಗಡಿಯಲ್ಲಿ ಮಾಮೂಲಿ ನೈಲಾನ್ ಗಿಟಾರ್ ತಂತಿ ಇತ್ತು, 110 ಪೆಸೊ. ವಾದ್ಯ ಚಿಕ್ಕದು, ತಂತಿಯೂ ಚಿಕ್ಕದಾಗುತ್ತದೆ, ಮೇಲಿನ ಶ್ರುತಿಗೆ ಎಳೆದರೆ ಸರಿಹೋಗುತ್ತದೆ ಅಂದುಕೊಂಡೆ. ಸಂಜೆ ಏಳಕ್ಕೆ ಮೇಲಿನ ಲಾವರೆಗೂ ಎಳೆದೆ. ಆ ತೆರೆದ ತಂತಿಯ ಸ್ವರ 440 ಹರ್ಟ್ಜ್, ಶ್ರುತಿಕವೆಯ ಸ್ವರವೇ. ದನಿ ಎಷ್ಟು ಚೆನ್ನಾಗಿತ್ತು ಅಂದರೆ, ಫೋನಿನಲ್ಲಿ ಹಿಡಿದು ಕಳಿಸಲು ಕೈ ಹೋಯಿತು. ನಾಳೆ ಸ್ಥಿರವಾದ ಮೇಲೆ ಕಳಿಸೋಣ ಅಂತ ಬಿಟ್ಟೆ.

ರಾತ್ರಿ ಎರಡೂ ಮುಕ್ಕಾಲಿಗೆ ಪಟಾಕಿ ಹೊಡೆದ ಹಾಗೆ ಸದ್ದು. ಎದ್ದು ದೀಪ ಹಾಕಿದರೆ ಬ್ರಿಡ್ಜ್ ಆರೂ ತಂತಿಗಳ ತುದಿಯಲ್ಲಿ ನೇತಾಡುತ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಊರಲ್ಲಿ ಆಗ ಮಧ್ಯಾಹ್ನ ಎರಡೂ ಕಾಲು, ಅವನು ತೋಟದಲ್ಲಿರುತ್ತಾನೆ, ಫೋನ್ ಸಿಗುವುದಿಲ್ಲ. ಸಿಕ್ಕಿದ್ದರೂ ಏನು ಹೇಳಲಿ? ಬರೀ ಬ್ರಿಡ್ಜ್ ಬಿದ್ದದ್ದಕ್ಕೆ ಅಷ್ಟು ಅಳು ಬರುವುದಿಲ್ಲ.

ಬೆಳಗಾದ ಮೇಲೆ ಕೂತು ನೋಡಿದೆ. ಎರಡು ಕಾರಣ.

ಒಂದು, ತಂತಿಯ ಬಿಗಿ. ಮಾಮೂಲಿ ಗಿಟಾರ್‌ನ ಉದ್ದ 650 ಮಿ.ಮೀ., ಇದರದ್ದು 540. ಉದ್ದ ಕಡಿಮೆಯಾದರೂ ಶ್ರುತಿ ಅಷ್ಟು ಏರಿಸಿದಾಗ ಲೆಕ್ಕ ತಿರುಗುತ್ತದೆ. ಅದೇ ತಂತಿಗೆ ಸುಮಾರು ಶೇ 23 ಜಾಸ್ತಿ ಬಿಗಿ ಬೀಳುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು. ಐದು ನಿಮಿಷದ ಕೆಲಸ.

ಎರಡು, ಇದು ನಿಜವಾದ ಕಾರಣ. ಬ್ರಿಡ್ಜ್‌ನ ತಳ ತಿರುಗಿಸಿ ದೀಪಕ್ಕೆ ಹಿಡಿದೆ. ಅರ್ಧ ಭಾಗದಲ್ಲಿ ಸೀಡರ್ ಎಳೆಗಳು ಅಂಟಿಕೊಂಡಿದ್ದವು, ಅಲ್ಲಿ ಅಂಟು ಚೆನ್ನಾಗಿ ಹಿಡಿದಿತ್ತು. ಇನ್ನರ್ಧ ಗಾಜಿನಂತೆ ಹೊಳೆಯುತ್ತಿತ್ತು. ಅದು ಹಳೆ ಬಿಳಿ ಅಂಟಿನ ಪೊರೆ. ಸರೇಸು ಅದರ ಮೇಲೆ ಹಿಡಿಯುವುದಿಲ್ಲ, ಹಾಲಿನ ಕೆನೆಯಂತೆ ಎದ್ದುಬರುತ್ತದೆ. ಸಾಕಾಗುವಷ್ಟು ಕೆರೆದಿದ್ದೇನೆ ಅಂದುಕೊಂಡಿದ್ದೆನಲ್ಲ, ಅದು.

ಈ ದಿನಚರಿಯಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ: ಹಳೆ ಅಂಟು ಪೂರ್ತಿ ಹೋಗಿದೆಯೇ ಅಂತ ಕಣ್ಣಿಂದ ನೋಡಬೇಡಿ. ಒಂದು ಹನಿ ನೀರು ಹಾಕಿ. ಬರೀ ಮರವಾದರೆ ನೀರು ಹೀರಿಕೊಂಡು ಬಣ್ಣ ಗಾಢವಾಗುತ್ತದೆ. ಅಂಟು ಇದ್ದರೆ ಹನಿ ಕೆಸುವಿನೆಲೆಯ ಮೇಲೆ ಕೂತ ಹಾಗೆ ಕೂತಿರುತ್ತದೆ.

ಫೆಬ್ರವರಿ 10ರಿಂದ 16. ಮತ್ತೆ ಮೊದಲಿಂದ

ಪ್ರತಿ ಸಂಜೆ ಅರ್ಧ ಗಂಟೆ ಕೆರೆಯುವುದು. ಬಿಸಿನೀರಿನ ಬಟ್ಟೆ, ಬ್ಲೇಡನ್ನು ನೆಟ್ಟಗೆ ಹಿಡಿದು ಎಳೆಯುವುದು, ಹನಿ ಹಾಕಿ ನೋಡುವುದು. ನಾಲ್ಕು ದಿನ ಹಿಡಿಯಿತು.

14ನೇ ತಾರೀಖು ಶುಕ್ರವಾರ ರಾತ್ರಿ ಕೆರೆಯುತ್ತಾ ಕೂತಿದ್ದಾಗ ಬೀದಿಯ ಆ ತುದಿಯಿಂದ ಮೂವರ ತಂಡದ ಹಾಡು ಕೇಳಿತು. ಯಾರದೋ ಕಿಟಕಿಗೆ ಸೆರೆನಾತಾ. ಯಾವ ಹಾಡು ಅಂತ ದೂರಕ್ಕೆ ಗೊತ್ತಾಗಲಿಲ್ಲ. ಮಾತು ಕೇಳಲಿಲ್ಲ, ರೆಕಿಂತೊ ಮಾತ್ರ ಕೇಳಿತು. ಆಲ್ಫ್ರೆದೊ ಹಿಲ್ ಯಾಕೆ ಅಷ್ಟು ಎತ್ತರದ ಶ್ರುತಿ ಹುಡುಕಿದರು ಅಂತ ಆಗ ಹೊಳೆಯಿತು. ನಾಲ್ಕು ಮನೆ ದಾಟಿ ಬರುವುದು ಆ ದನಿ ಒಂದೇ.

15ಕ್ಕೆ, ಶನಿವಾರ ಮಧ್ಯಾಹ್ನ, ಬಿಸಿಲಲ್ಲಿ, ಮರ ಬೆಚ್ಚಗೆ ಮಾಡಿ, ಬ್ರಿಡ್ಜ್ ಮತ್ತೆ ಕೂರಿಸಿದೆ. ಈ ಸಲ 48 ಗಂಟೆ ಕ್ಲಾಂಪ್.

ಫೆಬ್ರವರಿ 22ರಿಂದ 28. ತಂತಿ, ಬೆರಳು

ರೆಕಿಂತೊಗೇ ಮಾಡಿದ ತಂತಿ ಜೋಡಿ, 150 ಪೆಸೊ. ಸಂಗೀತದ ಅಂಗಡಿಯಲ್ಲಿ ಕೇಳಿದ್ದರೆ ಮೊದಲ ದಿನವೇ ಕೊಡುತ್ತಿದ್ದರು. ನಾನು ಕೇಳಲಿಲ್ಲ.

ಒಂದೇ ಸಲ ಪೂರ್ತಿ ಎಳೆಯಲಿಲ್ಲ. ಮೊದಲ ದಿನ ಎರಡು ಸ್ವರ ಕೆಳಗೆ, ಮಾರನೇ ದಿನ ಒಂದು ಸ್ವರ ಕೆಳಗೆ, ಮೂರನೇ ದಿನ ಸರಿಯಾದ ಶ್ರುತಿ. ರಾತ್ರಿಯೆಲ್ಲ ಕಿವಿ ಅತ್ತ ಕಡೆಯೇ. ಬ್ರಿಡ್ಜ್ ಅಲ್ಲಾಡಲಿಲ್ಲ. ಹಿಂದಿನ ಅಂಚಿಗೆ ಚೀಟಿ ತೂರಿಸಿ ನೋಡುತ್ತಲೇ ಇದ್ದೆ, ಹೋಗಲಿಲ್ಲ.

ಶುರುವಿನ ತುಣುಕು ಕಲಿಯಲು ಧ್ವನಿಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿ ಒಂದೊಂದೇ ಸ್ವರ ಹಿಡಿದೆ. ಐದು ಸಂಜೆ. ಸ್ವರಗಳು ಬಂದವು, ಹಾಡು ಬರಲಿಲ್ಲ. ದೋನ್ಯಾ ಬಾಗಿಲಲ್ಲಿ ನಿಂತು ಕೇಳಿ, ನಿನಗೇನು ಬಸ್ಸಿಗೆ ಹೊತ್ತಾಯಿತೇ ಅಂದರು. ಮೇಜಿನ ಮೇಲೆ ಬೆರಳಲ್ಲಿ ತಾಳ ಕುಟ್ಟಿ ತೋರಿಸಿದರು. ಬೊಲೆರೊ ನಾಲ್ಕರ ತಾಳ. ಮೊದಲ ಪೆಟ್ಟು ಒಂದೇ ಉದ್ದಕ್ಕೆ ನಿಲ್ಲುತ್ತದೆ, ಉಳಿದ ಮೂರು ಎರಡೆರಡಾಗಿ ಒಡೆಯುತ್ತವೆ. ನಾನು ಆ ಮೊದಲ ಪೆಟ್ಟಿನ ಉದ್ದವನ್ನು ನುಂಗಿಬಿಡುತ್ತಿದ್ದೆ. ಅಲ್ಲಿ ಕಾಯಬೇಕು. ಕಾಯುವುದು ಹಾಡಿನ ಮಾತಿನಲ್ಲಿ ಮಾತ್ರ ಇರುವುದಲ್ಲ, ತಾಳದಲ್ಲೇ ಇದೆ.

ಶಿವರಾತ್ರಿ 26ಕ್ಕೆ ಬಂತು. ಇಕ್ಕೇರಿಗೆ ಹೋಗಿ ಬರುತ್ತೇನೆ ಅಂತ ಅವನು ಹೊರಟಿದ್ದ. ಬೆಳಿಗ್ಗೆ ಲಾಂಚ್ ಮೇಲಿಂದ ಫೋನ್ ಮಾಡಿದ. ಇಂಜಿನ್ನಿನ ಸದ್ದಿಗೆ ಅವನ ಮಾತು ಅರ್ಧ ಕೇಳಲಿಲ್ಲ. ಇಡು ಅನ್ನಲು ಮನಸ್ಸಾಗಲಿಲ್ಲ. ಆಚೆ ದಡ ಮುಟ್ಟುವವರೆಗೂ ಸದ್ದು ಕೇಳುತ್ತಾ ಕೂತಿದ್ದೆ.

ಮಾರ್ಚ್ 2, ಭಾನುವಾರ. ಕಳಿಸಿದ್ದು

ಇಲ್ಲಿಗೂ ಊರಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಈ ವಾರ ಗ್ವಾದಲಹಾರದಲ್ಲಿ ಏಳಕ್ಕೆ ಎರಡು ಮೂರು ನಿಮಿಷ ಮುಂಚೆ ಸೂರ್ಯ ಮುಳುಗುತ್ತಾನೆ. ಊರಲ್ಲಿ ಆಗ ಬೆಳಗಿನ ಆರೂವರೆಯ ಹತ್ತಿರ, ಇನ್ನೇನು ಇಪ್ಪತ್ತು ನಿಮಿಷಕ್ಕೆ ಹುಟ್ಟುತ್ತಾನೆ. ಹೊತ್ತು ಮುಳುಗುವಾಗ ನೆನಪು ಮಾಡಿಕೋ ಅನ್ನುವ ಸಾಲನ್ನು ಕೇಳಿದಾಗೆಲ್ಲ ನಾನು ಸಂಜೆಯನ್ನಷ್ಟೇ ಕಾಣುತ್ತಿದ್ದೆ. ನನ್ನ ಸಂಜೆ ಅವನ ಬೆಳಗು ಅಂತ ಗೊತ್ತಿದ್ದೂ ಹಾಡಿಗೆ ಸೇರಿಸಿ ನೋಡಿರಲಿಲ್ಲ.

ಮಹಡಿಯ ತೆರೆದ ಜಾಗಕ್ಕೆ ಕುರ್ಚಿ ಒಯ್ದೆ. ಬೀದಿಯ ಹಕರಂದಾ ಮರ ಹೂ ಬಿಟ್ಟಿದೆ, ನೇರಳೆ. ಫೋನನ್ನು ಒಂದು ಮೊಳ ದೂರ ಇಟ್ಟೆ. ಹತ್ತಿರ ಇಟ್ಟರೆ ಬೆರಳು ಜಾರುವ ಸದ್ದು ಜಾಸ್ತಿ ಬರುತ್ತದೆ. ಮೊದಲ ಸಲ ಹಾರ್ನ್ ಸದ್ದು ಸೇರಿತು. ಎರಡನೇ ಸಲ ನಾಲ್ಕನೇ ತಂತಿ ತಪ್ಪಿತು. ಮೂರನೇ ಸಲದ್ದನ್ನು ಕಳಿಸಿದೆ. 31 ಸೆಕೆಂಡು. ಹಾಡಲಿಲ್ಲ, ರೆಕಿಂತೊ ಮಾತ್ರ.

ಸಂದೇಶದ ಪಕ್ಕ ಒಂದು ಟಿಕ್ ಗುರುತು, ಆಮೇಲೆ ತುಂಬಾ ಹೊತ್ತು ಒಂದೇ ಟಿಕ್. ತಲುಪಿತು ಅನ್ನುವ ಎರಡು ಟಿಕ್ ಬಂದದ್ದು ನಲವತ್ತು ನಿಮಿಷದ ಮೇಲೆ. ಸಿಗ್ನಲ್ ಸಿಗುವ ದಿಬ್ಬಕ್ಕೆ ಹತ್ತಿದ್ದನಂತೆ. ಅವನೂ ಒಂದು ಧ್ವನಿ ಕಳಿಸಿದ. ಮಾತಿಲ್ಲ. ಹಕ್ಕಿಗಳು, ದೂರದಲ್ಲೊಂದು ಬೈಕು, ಅವನ ಉಸಿರು. ಕೊನೆಯಲ್ಲಿ ಒಂದೇ ಸಾಲು: ‘ಇನ್ನೊಂದ್ಸಲ ನುಡಿಸು, ಅಮ್ಮನೂ ಕೇಳ್ಬೇಕಂತೆ.’

ಖರ್ಚು, ಪೆಸೊ ಲೆಕ್ಕದಲ್ಲಿ: ವಾದ್ಯ 900, ತೇವಾಂಶದ ಮೀಟರ್ 130, ಸರೇಸು 140, ಬಾಟಲಿ ಬಿಸಿ ಮಾಡುವುದು 260, ಕ್ಲಾಂಪ್ ಮೂರಕ್ಕೆ 285, ಆಯಸ್ಕಾಂತ 120, ಬಿರಡೆ 180, ಮೂಳೆಪಟ್ಟಿ ಎರಡಕ್ಕೆ 120, ತಪ್ಪು ತಂತಿ 110, ಸರಿ ತಂತಿ 150, ಮರಳುಕಾಗದ 45. ಒಟ್ಟು 2,440.

ಬಾಕಿ ಕೆಲಸ: ಮೂರನೇ ತಂತಿ ಏಳನೇ ಫ್ರೆಟ್‌ನಲ್ಲಿ ಇನ್ನೂ ಸಣ್ಣಗೆ ಗುಂಯ್‌ಗುಡುತ್ತದೆ. ಎಂಟನೇ ಫ್ರೆಟ್ ಕೂದಲೆಳೆಯಷ್ಟು ಎತ್ತರ ಇದೆ, ಶನಿವಾರ ಉಜ್ಜುತ್ತೇನೆ. ಏಪ್ರಿಲ್, ಮೇ ಇನ್ನೂ ಒಣಗಾಲ. ಸೋಪಿನ ಡಬ್ಬ ಒಳಗೇ ಇರಲಿ.